ಗೋಲಿನ ಹಿಂದಿನ 36 ಮೀಟರ್

ನಮ್ಮ ಕಡೆ ಫುಟ್‌ಬಾಲ್ ಟೂರ್ನಿ ಅಂದರೆ ಜಿಲ್ಲಾ ಕ್ರೀಡಾಂಗಣ. ಬಳ್ಳಾರಿ ಇರಲಿ, ರಾಯಚೂರು ಇರಲಿ, ಆಗಸ್ಟ್ 15ರ ಕವಾಯತು, ಶಾಲಾ ಮಕ್ಕಳ ಓಟ, ಬೆಳಗಿನ ವಾಕಿಂಗ್ ಎಲ್ಲವೂ ಅದೇ ಬಯಲಲ್ಲಿ. ಇಂಥ ಕಡೆ ಫುಟ್‌ಬಾಲ್ ಅಂಗಳಕ್ಕೆ ಸಿಗುವುದು ಸಾಮಾನ್ಯವಾಗಿ ಓಟದ ಟ್ರ್ಯಾಕಿನ ಒಳಗಿನ ಜಾಗ. ಗೋಲಿನ ಹಿಂದೆ, ಬಿಸಿಲಿಗೆ ಕಾದ ಸಿಮೆಂಟ್ ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂತರೆ ಆ ಕಡೆಯ ಗೋಲು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಚೆಂಡು ಒಳಗೆ ಹೋಯ್ತೋ ಇಲ್ವೋ ಅಂತ ಹುಡುಗರು ಕುಣಿದದ್ದು ನೋಡಿಯೇ ತಿಳಿಯಬೇಕು.

ದೂರ ಎಷ್ಟು, ಲೆಕ್ಕ ಹಾಕೋಣ. 400 ಮೀಟರ್ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅಂದರೆ ಒಳಗಿನ ಬಯಲಿನ ಉದ್ದ ಸುಮಾರು 157 ಮೀಟರ್. ಫುಟ್‌ಬಾಲ್ ಅಂಗಳಕ್ಕೆ 105 ಸಾಕು. ಉಳಿದದ್ದರಲ್ಲಿ ಒಂದೊಂದು ಗೋಲಿನ ಹಿಂದೆ 26 ಮೀಟರ್. ಅದರಾಚೆ ಎಂಟು ಲೇನು, ಒಂದೊಂದೂ 1.22 ಮೀಟರ್ ಅಗಲ. ಒಟ್ಟು 36 ಮೀಟರ್ ದಾಟಿದ ಮೇಲೆ ಮೊದಲ ಪ್ರೇಕ್ಷಕ!

ನೋಡೋದು ಕಷ್ಟ ಅನ್ನೋದಷ್ಟೇ ಅಲ್ಲ. ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಒಬ್ಬನ ಕೂಗು ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತದೆ. 9 ಮೀಟರಿನಲ್ಲಿ ಕೇಳುವ ಬೈಗುಳ 36 ಮೀಟರಿಗೆ ಬರುವಾಗ 12 ಡೆಸಿಬೆಲ್ ಕಳೆದುಕೊಂಡಿರುತ್ತದೆ. ಕಿವಿಗೆ ಅದು ಅರ್ಧಕ್ಕಿಂತ ಕಡಿಮೆ.

ಇದರಿಂದ ಆಟಕ್ಕೇನು? 2002ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. 40 ರೆಫರಿಗಳಿಗೆ ಲಿವರ್‌ಪೂಲ್ ತನ್ನ ಮೈದಾನದಲ್ಲಿ ಆಡಿದ ಮ್ಯಾಚಿನ 47 ತುಣುಕು ತೋರಿಸಿದರು. ಕೆಲವರಿಗೆ ಜನರ ಗದ್ದಲದ ಜೊತೆ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿದವರು ಆ ಊರಿನ ತಂಡದ ಮೇಲೆ ಸುಮಾರು 15% ಕಡಿಮೆ ಫೌಲ್ ಕೊಟ್ಟರು. ಯಾರೂ ಲಂಚ ಕೊಟ್ಟಿರಲಿಲ್ಲ, ಹೆದರಿಸಿರಲಿಲ್ಲ. ಮನುಷ್ಯ ಅಂದ ಮೇಲೆ ಅಷ್ಟೇ ಅಲ್ವಾ?

ಟ್ರ್ಯಾಕಿನ ಮಾತು ಬರುವುದು ಜರ್ಮನಿಯಲ್ಲಿ. ಅಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾದ ಹನ್ನೆರಡು ಸೀಸನ್ನಿನ ಲೆಕ್ಕ ತೆಗೆದಾಗ, ಊರಿನ ತಂಡ ಒಂದು ಗೋಲು ಹಿಂದಿದ್ದರೆ ರೆಫರಿಗಳು 90 ನಿಮಿಷದ ಕೊನೆಗೆ ಸೇರಿಸುವ ಹೆಚ್ಚುವರಿ ಸಮಯ ಜಾಸ್ತಿ ಕೊಡುತ್ತಿದ್ದರು, ಮುಂದಿದ್ದರೆ ಕಡಿಮೆ. ಟ್ರ್ಯಾಕ್ ಇರುವ ಮೈದಾನಗಳಲ್ಲಿ ಈ ಪಕ್ಷಪಾತ ಕಡಿಮೆಯಿತ್ತು. ಜನ ದೂರ ಕೂತಷ್ಟೂ ರೆಫರಿ ನೆಟ್ಟಗೆ!

ಇಂಗ್ಲೆಂಡಿನ ಹಳೆಯ ಮೈದಾನಗಳಲ್ಲಿ ಜನ ಗೆರೆಗೆ ಅಂಟಿಕೊಂಡೇ ಕೂರುತ್ತಾರೆ. ಅದರ ಹಿಂದೆ ಯಾವ ವಿಜ್ಞಾನವೂ ಇಲ್ಲ, ಜಾಗ ಇರಲಿಲ್ಲ, ಅಷ್ಟೇ. ಎವರ್ಟನ್ ಕ್ಲಬ್ ಮೊದಲು ಆಡುತ್ತಿದ್ದದ್ದು ಆನ್‌ಫೀಲ್ಡ್‌ನಲ್ಲಿ. ಬಾಡಿಗೆ ಜಗಳವಾಗಿ 1892ರಲ್ಲಿ ಗಂಟುಮೂಟೆ ಕಟ್ಟಿ ಗುಡಿಸನ್ ಪಾರ್ಕಿಗೆ ಹೋಯಿತು. ಖಾಲಿ ಬಿದ್ದ ಆನ್‌ಫೀಲ್ಡ್‌ಗೆ ಹುಟ್ಟಿಕೊಂಡ ಹೊಸ ಕ್ಲಬ್ಬೇ ಲಿವರ್‌ಪೂಲ್. ಗುಡಿಸನ್ನಿನ ಸುತ್ತ ಮನೆಗಳ ಸಾಲು, ಒಂದು ಮೂಲೆಗೆ ತಾಗಿಕೊಂಡೇ ಚರ್ಚು. ಟ್ರ್ಯಾಕ್ ಹಾಕೋದು ಎಲ್ಲಿಂದ ಬಂತು?

ಸರ್ಕಾರವೋ ನಗರಸಭೆಯೋ ಕಟ್ಟಿದಲ್ಲಿ ಕತೆ ಬೇರೆ. ಅವರಿಗೆ ಎಲ್ಲ ಆಟಕ್ಕೂ ಒಂದೇ ಮೈದಾನ ಬೇಕು. ಇಟಲಿಯ ಟ್ಯೂರಿನ್‌ನಲ್ಲಿ 1990ರ ವಿಶ್ವಕಪ್‌ಗೆ ಟ್ರ್ಯಾಕ್ ಸಮೇತ ದೊಡ್ಡ ಕ್ರೀಡಾಂಗಣ ಕಟ್ಟಿದರು. ಅಲ್ಲಿ ಆಡುತ್ತಿದ್ದ ಯುವೆಂಟಸ್ ಕ್ಲಬ್ಬಿನ ಅಭಿಮಾನಿಗಳಿಗೆ ಅದು ಹಿಡಿಸಲೇ ಇಲ್ಲ. ಕೊನೆಗೆ ಕ್ಲಬ್ಬು ಅದನ್ನು ಕೆಡವಿ, 2011ರಲ್ಲಿ ಅದೇ ಜಾಗದಲ್ಲಿ ಚಿಕ್ಕದೊಂದು ಕಟ್ಟಿಕೊಂಡಿತು, ಟ್ರ್ಯಾಕ್ ಇಲ್ಲದ್ದು.

ಬೆಂಗಳೂರು ಎಫ್‌ಸಿ ಹೋಗಿದ್ದು ಉಲ್ಟಾ ದಾರಿ. ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜೆಎಸ್‌ಡಬ್ಲ್ಯು ಗುಂಪಿನದೇ ತಂಡ ಅದು. 2013ರಲ್ಲಿ ಹುಟ್ಟಿ, ಅಶೋಕನಗರದ ಪುಟ್ಟ ಫುಟ್‌ಬಾಲ್ ಮೈದಾನದಲ್ಲಿ ಆಡಿ, ಮೊದಲ ಸೀಸನ್ನಿನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಆಮೇಲೆ ಹೋದದ್ದು ಟ್ರ್ಯಾಕ್ ಇರುವ ಕಂಠೀರವಕ್ಕೆ.

ಹಾಗಂತ ನಮ್ಮ ಟ್ರ್ಯಾಕ್ ಅಗೆಯಿರಿ ಅನ್ನಲಾರೆ. ಓಡುವ ಮಕ್ಕಳಿಗೆ ಬೇರೆ ಜಾಗ ಎಲ್ಲಿದೆ? ಪ್ಯಾರಿಸ್ಸಿನ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಕೆಳಗಿನ ಆಸನಗಳೇ ಟ್ರ್ಯಾಕಿನ ಮೇಲೆ ಮುಂದಕ್ಕೆ ಸರಿದು ಬರುತ್ತವೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಆದರೆ ಗೋಲಿನ ಹಿಂದಿನ ಆ 26 ಮೀಟರ್ ಸುಮ್ನೆ ಖಾಲಿ ಬಿದ್ದಿರುತ್ತದೆ. ಫೈನಲ್ ದಿನ ಶಾಮಿಯಾನದವರಿಂದ ಕುರ್ಚಿ ತರಿಸಿ ಅಲ್ಲೇ ಹಾಕಬಹುದು. ಗೋಲಿನಿಂದ ಏಳೆಂಟು ಮೀಟರ್ ಬಿಟ್ಟು ಹಗ್ಗ ಕಟ್ಟಿದರಾಯ್ತು.