‘ನರ ಸಿಗ್ತಿಲ್ಲ’: ಸೂಜಿ ಹಿಡಿಯುವ ಕೈ ಎಲ್ಲಿ ಪಳಗುತ್ತದೆ?

ಕೆಲವು ವರ್ಷದ ಹಿಂದೆ ಅಮ್ಮನಿಗೆ ಡೆಂಗಿ ಬಂದಿತ್ತು. ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಡ್ರಿಪ್ ಹಾಕಲು ಬಂದ ಹುಡುಗಿ ಎಡಗೈ ಹಿಂಭಾಗಕ್ಕೆ ಚುಚ್ಚಿದಳು, ಸಿಗಲಿಲ್ಲ. ಮೊಣಕೈ ಹತ್ತಿರ ಚುಚ್ಚಿದಳು, ಊದಿಕೊಂಡಿತು. ಬಲಗೈಗೆ ಬಂದಳು. ಐದನೇ ಸಲ ಚುಚ್ಚುವಾಗ ಅವಳ ಕೈಯೇ ನಡುಗುತ್ತಿತ್ತು. ‘ನರ ಸಿಗ್ತಿಲ್ಲ ಆಂಟಿ’ ಅಂದಳು. ಅಮ್ಮನೇ ಅವಳಿಗೆ ಸಮಾಧಾನ ಹೇಳಿದರು.

ಕೊನೆಗೆ ಮಕ್ಕಳ ವಾರ್ಡಿನಿಂದ ಹಿರಿಯ ಸಿಸ್ಟರ್ ಒಬ್ಬರು ಬಂದರು. ಅಮ್ಮನ ಕೈಯನ್ನು ಮಂಚದಿಂದ ಕೆಳಗೆ ಇಳಿಬಿಡಿಸಿದರು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದರು. ಸುಮ್ನೆ ಎರಡು ನಿಮಿಷ ಕಾದರು. ಆಮೇಲೆ ಕಣ್ಣಿಂದಲ್ಲ, ಬೆರಳಿಂದ ಒತ್ತಿ ಒತ್ತಿ ಹುಡುಕಿದರು. ಒಂದೇ ಸಲಕ್ಕೆ ಕ್ಯಾನುಲಾ, ಅಂದರೆ ಡ್ರಿಪ್ ಹರಿಸುವ ಸಣ್ಣ ಕೊಳವೆ, ಕೂತಿತು. ಪಕ್ಕದ ಮಂಚದಲ್ಲಿದ್ದ ಜಗಳೂರಿನ ಅಜ್ಜಿ, ‘ಆಕಿ ಕೈಗುಣ ಚೊಲೊ ಐತಿ ನೋಡವ್ವ’ ಅಂದರು.

ಕೈಗುಣ. ನಮ್ಮ ಕಡೆ ಒಳ್ಳೆ ಡಾಕ್ಟರಿಗೂ ನರ್ಸಿಗೂ ಕೊಡುವ ಅತಿ ದೊಡ್ಡ ಬಿರುದು ಅದು. ಅದು ಹುಟ್ಟಿನಿಂದ ಬಂದದ್ದು ಅಂತಲೇ ನಂಬುತ್ತೇವೆ. ಆದರೆ ಆ ಸಿಸ್ಟರ್ ಮಾಡಿದ ಒಂದೊಂದು ಕೆಲಸವೂ ಕಲಿತದ್ದು. ಕೈ ಇಳಿಬಿಟ್ಟರೆ ರಕ್ತ ಕೆಳಗೆ ತುಂಬುತ್ತದೆ. ಬಿಸಿ ತಾಗಿದರೆ ನಾಳ ಹಿಗ್ಗುತ್ತದೆ. ಕಾಣುವ ನಾಳಕ್ಕಿಂತ ಬೆರಳಿಗೆ ಪುಟಿಯುವ ನಾಳ ಒಳ್ಳೆಯದು. ಇದನ್ನೆಲ್ಲ ಆ ಹುಡುಗಿಗೆ ಯಾರಾದರೂ ಕೈಹಿಡಿದು ಕಲಿಸಿದ್ದರಾ? ಕಲಿತಿದ್ದಾಳೆ ಅಂತ ಯಾರಾದರೂ ನೋಡಿ ಸಹಿ ಹಾಕಿದ್ದರಾ? ನನಗೆ ಆವತ್ತು ಸಿಟ್ಟು ಬಂದದ್ದು ಅವಳ ಮೇಲಲ್ಲ. ಈ ಪ್ರಶ್ನೆಯ ಹಿಂದೆ ಹೋದರೆ ಸುಮಾರು ಇನ್ನೂರು ವರ್ಷದ ಕಥೆ ಸಿಗುತ್ತದೆ.

ಮೊದಲು ಒಂದು ಮಾತು. ನಾವು ‘ನರ’ ಅನ್ನುವುದು ಎರಡಕ್ಕೂ. ಮಿದುಳಿನಿಂದ ಸುದ್ದಿ ಒಯ್ಯುವುದೂ ನರ, ಕೈಮೇಲೆ ಹಸಿರಾಗಿ ಕಾಣುವ ರಕ್ತನಾಳವೂ ನರ. ವಾರ್ಡಿನಲ್ಲಿ ಡಾಕ್ಟರುಗಳೂ ಹಾಗೇ ಹೇಳುತ್ತಾರೆ. ಡ್ರಿಪ್ ಹಾಕುವುದು ರಕ್ತನಾಳಕ್ಕೆ, ಅದರಲ್ಲೂ ಹೃದಯಕ್ಕೆ ರಕ್ತ ವಾಪಸು ತರುವ ಸಿರೆಗೆ. ಪಕ್ಕದಲ್ಲೇ ನಿಜವಾದ ನರವೂ ಇರುತ್ತದೆ, ಶುದ್ಧ ರಕ್ತ ಒಯ್ಯುವ ಧಮನಿಯೂ ಇರುತ್ತದೆ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಆಳಕ್ಕೆ ಚುಚ್ಚಿದರೆ ನರಕ್ಕೆ ಪೆಟ್ಟಾಗಿ ಬೆರಳು ಜೋಮು ಹಿಡಿಯಬಹುದು. ಹಾಗಾಗಿ ಇದು ಸಣ್ಣ ಕೆಲಸವಲ್ಲ.

1832ರಲ್ಲಿ ಬ್ರಿಟನ್ನಿನಲ್ಲಿ ಕಾಲರಾ ಹಬ್ಬಿತ್ತು. ಭೇದಿಯಲ್ಲಿ ರೋಗಿಯ ರಕ್ತದಿಂದ ನೀರೂ ಉಪ್ಪೂ ಹೊರಟುಹೋಗುತ್ತದೆ ಅಂತ ಕಂಡುಕೊಂಡವನು ಓಶಾನೆಸಿ ಅನ್ನುವ ಯುವ ವೈದ್ಯ. ಅದನ್ನು ಓದಿ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ ರೋಗಿಗಳ ಸಿರೆಗೆ ನೇರವಾಗಿ ಉಪ್ಪುನೀರು ಬಿಟ್ಟ. ಸಾಯುವ ಹಂತದಲ್ಲಿದ್ದ ಕೆಲವರು ಎದ್ದು ಕೂತರು. ಇವತ್ತು ನಾವು ‘ಬಾಟ್ಲಿ ಹಾಕಿಸೋದು’ ಅನ್ನುವುದರ ಮೂಲ ಅಲ್ಲಿದೆ. ಓಶಾನೆಸಿ ಮುಂದೆ ಕಲ್ಕತ್ತೆಗೆ ಬಂದು ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ, ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದ. ಆದರೆ ಲಟ್ಟಾನ ಚಿಕಿತ್ಸೆ ಬಹಳ ಕಾಲ ಮೂಲೆ ಸೇರಿತು. ರೋಗಾಣು ಅಂದರೆ ಏನು ಅಂತಲೇ ಆಗ ಗೊತ್ತಿರಲಿಲ್ಲ. ನೀರು ಶುದ್ಧವಿರಲಿಲ್ಲ, ಕೈ ಶುದ್ಧವಿರಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಕ್ರಿಮಿಶುದ್ಧ ಬಾಟಲಿಗಳು ಬಂದವು. ಸೂಜಿ ಮಾತ್ರ ಉಕ್ಕಿನದೇ. ಕೈ ಸ್ವಲ್ಪ ಅಲುಗಿದರೆ ನಾಳವೇ ಹರಿಯುತ್ತಿತ್ತು. ಅದಕ್ಕೇ ಕೈಯನ್ನು ಹಲಗೆಗೆ ಕಟ್ಟುತ್ತಿದ್ದರು. ಬಹಳ ಕಾಲ ಇದು ಡಾಕ್ಟರೇ ಮಾಡುವ ಕೆಲಸವಾಗಿತ್ತು. 1940ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಇದಕ್ಕೆಂದೇ ಒಬ್ಬ ನರ್ಸನ್ನು ನೇಮಿಸಿತು. ಹೆಸರು ಏಡಾ ಪ್ಲಮರ್. ದ್ರವ ಕೊಡುವುದು, ರಕ್ತ ಕೊಡುವುದು, ಕೊಳವೆ ತೊಳೆಯುವುದು, ಮೊಂಡಾದ ಸೂಜಿಗಳನ್ನು ಮತ್ತೆ ಚೂಪು ಮಾಡುವುದು ಆಕೆಯ ಕೆಲಸ. ಬೇಕಿದ್ದ ಅರ್ಹತೆ ಒಂದೇ, ಸಿರೆಗೆ ಚೆನ್ನಾಗಿ ಸೂಜಿ ಹಾಕಲು ಬರಬೇಕು. ಅಲ್ಲೂ ಆಗ ಕೈಗುಣವನ್ನೇ ನಂಬಿದ್ದರು ನೋಡಿ.

1950ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಡೇವಿಡ್ ಮಾಸಾ ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆ ಹೊದಿಸಿದ. ಸೂಜಿ ಒಳಗೆ ಹೋಗುತ್ತದೆ, ಹಿಂದೆ ಒಂದು ಹನಿ ರಕ್ತ ಕಾಣುತ್ತದೆ, ಕೊಳವೆಯನ್ನು ಮುಂದೆ ಜಾರಿಸಿ ಸೂಜಿಯನ್ನು ತೆಗೆದುಬಿಡಬೇಕು. ಇದೇ ಇವತ್ತಿನ ಕ್ಯಾನುಲಾ. ನಮ್ಮ ವಾರ್ಡುಗಳಲ್ಲಿ ‘ವೆನ್‌ಫ್ಲಾನ್’ ಅಂತ ಒಂದು ಬ್ರಾಂಡಿನ ಹೆಸರಲ್ಲೇ ಕರೆಯುತ್ತಾರೆ. ಬಣ್ಣ ನೋಡಿದರೆ ಅಳತೆ ಗೊತ್ತಾಗುತ್ತದೆ. 18 ಗೇಜ್ ಹಸಿರು, 20 ಗುಲಾಬಿ, 22 ನೀಲಿ, ಮಕ್ಕಳಿಗೆ ಹಾಕುವ 24 ಹಳದಿ. ಅಂಕಿ ಜಾಸ್ತಿಯಾದಷ್ಟೂ ಕೊಳವೆ ಸಣ್ಣದು. ಅಪಘಾತದಲ್ಲಿ ರಕ್ತ ಸೋರುತ್ತಿರುವವನಿಗೆ ಹಳದಿ ಹಾಕಿದರೆ ಪ್ರಯೋಜನವಿಲ್ಲ. ಅಮ್ಮನಂಥ ವಯಸ್ಸಾದವರ ತೆಳು ನಾಳಕ್ಕೆ ಹಸಿರು ತುರುಕಿದರೆ ನಾಳ ಒಡೆಯುತ್ತದೆ. ಇನ್ನೊಂದು ನಿಯಮವಿದೆ, ಹೊಸಬರು ಮರೆಯುವಂಥದ್ದು. ಹಿಂದಕ್ಕೆ ಎಳೆದ ಸೂಜಿಯನ್ನು ಕೊಳವೆಯೊಳಗೆ ಮತ್ತೆ ತೂರಿಸಬಾರದು. ತೂರಿಸಿದರೆ ಪ್ಲಾಸ್ಟಿಕ್ ತುಂಡಾಗಿ ರಕ್ತದಲ್ಲಿ ತೇಲಿ ಹೋಗಬಹುದು.

ಸಲಕರಣೆ ಸುಲಭವಾಯಿತು. ಕಲಿತ ಕೈಗಳು ಸಾಕಷ್ಟು ಇರಲಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವಿನಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಡಾ. ದಿಲೀಪ್ ಮಹಲನೋಬಿಸ್ ಅಲ್ಲಿದ್ದರು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು, ಸೂಜಿ ಹಾಕಬಲ್ಲವರೂ ಬೆರಳೆಣಿಕೆಯಷ್ಟು. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇ. 30ರ ಹತ್ತಿರವಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಇವತ್ತಿನ ಓಆರ್‌ಎಸ್ ಪುಡಿ ಜಗತ್ತಿಗೆ ಒಪ್ಪಿಗೆಯಾದದ್ದರಲ್ಲಿ ಆ ಶಿಬಿರದ ಪಾಲು ದೊಡ್ಡದು.

ಇದನ್ನು ನಮ್ಮೂರಿನವರಿಗೆ ಹೇಳಬೇಕು ಅನಿಸುತ್ತದೆ. ಜ್ವರ ಬಂದರೆ ‘ಒಂದ್ ಬಾಟ್ಲಿ ಹಾಕ್ಸಿ ಡಾಕ್ಟ್ರೇ, ಶಕ್ತಿ ಬರ್ತೈತಿ’ ಅಂತ ನಾವೇ ಕೇಳುತ್ತೇವೆ, ಅಲ್ವಾ? ಅರ್ಧ ಲೀಟರಿನ ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ ಅಷ್ಟೇ. ಬಾಯಿಂದ ಕುಡಿಯಲು ಆಗುವವರಿಗೆ ಅದಕ್ಕಾಗಿ ಚುಚ್ಚಿಸಿಕೊಳ್ಳುವ ಅಗತ್ಯವೇ ಇಲ್ಲ. 2002ರಿಂದ 2004ರವರೆಗೆ ದೇಶದಾದ್ಯಂತ ನಡೆದ ಅಧ್ಯಯನವೊಂದು, ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್ ಕೊಡಲಾಗುತ್ತಿದೆ, ಅದರಲ್ಲಿ ಶೇ. 60ಕ್ಕಿಂತ ಜಾಸ್ತಿ ಸುರಕ್ಷಿತವಲ್ಲ ಅಂತ ಹೇಳಿತು. ಅಗತ್ಯವಿಲ್ಲದ ಒಂದೊಂದು ಚುಚ್ಚುವಿಕೆಯೂ ಸೋಂಕಿಗೆ ಬಾಗಿಲು ತೆರೆದಂತೆ.

ಪರೀಕ್ಷೆ, ಸರ್ಟಿಫಿಕೇಟ್ ಎಂಬ ಯೋಚನೆ ಬಂದದ್ದು ಇನ್ನೂ ತಡವಾಗಿ. 1973ರಲ್ಲಿ ಪ್ಲಮರ್ ಮತ್ತು ಮಾರ್ಗರೀಟ್ ನೈಟ್ ಸೇರಿ ಅಮೆರಿಕದಲ್ಲಿ ಡ್ರಿಪ್ ಹಾಕುವ ನರ್ಸುಗಳ ಸಂಘ ಕಟ್ಟಿದರು. ಅದೇ ಇವತ್ತಿನ ಇನ್‌ಫ್ಯೂಷನ್ ನರ್ಸಸ್ ಸೊಸೈಟಿ. 1985ರಲ್ಲಿ ಮೊದಲ ಪ್ರಮಾಣಪತ್ರ ಪರೀಕ್ಷೆ ನಡೆಯಿತು. ಅದಕ್ಕೆ ಕೂರಲು 1600 ಗಂಟೆ ಕೆಲಸದ ಅನುಭವ ಕೇಳುತ್ತಾರೆ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. 2010ರಿಂದ ವಾಸ್ಕ್ಯುಲರ್ ಆಕ್ಸೆಸ್‌ಗೇ, ಅಂದರೆ ರಕ್ತನಾಳಕ್ಕೆ ಸೂಜಿ, ಕೊಳವೆ ಹಾಕುವ ಕೆಲಸಕ್ಕೇ, ಪ್ರತ್ಯೇಕ ಪರೀಕ್ಷೆ ಶುರುವಾಯಿತು. ಅದು ನರ್ಸುಗಳಿಗೆ ಮಾತ್ರವಲ್ಲ, ಡಾಕ್ಟರಿಗೂ ಬೇರೆ ಸಿಬ್ಬಂದಿಗೂ ತೆರೆದಿದೆ. ನನಗೆ ಈ ಪತ್ರಗಳಿಗಿಂತ ಮುಖ್ಯ ಅನಿಸಿದ್ದು ಆ ಸೊಸೈಟಿಯ 2016ರ ನಿಯಮಪುಸ್ತಕದ ಒಂದು ಸಾಲು. ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬಾರದು. ಎಲ್ಲರೂ ಸೇರಿ ನಾಲ್ಕು ಮೀರಬಾರದು. ಆಮೇಲೆ ಹೆಚ್ಚು ಪಳಗಿದವರನ್ನು ಕರೆಯಬೇಕು, ಅಥವಾ ಅಲ್ಟ್ರಾಸೌಂಡ್ ಇಟ್ಟು ಆಳದ ನಾಳ ಹುಡುಕಬೇಕು, ಅಥವಾ ಬೇರೆ ದಾರಿ ಯೋಚಿಸಬೇಕು. ಅಮ್ಮನಿಗೆ ಐದು ಸಲ ಚುಚ್ಚಿದ ಆ ಹುಡುಗಿಗೆ ‘ಎರಡಾಯಿತು, ಇನ್ನು ನಿಲ್ಲಿಸು’ ಅಂತ ಹೇಳುವ ನಿಯಮವೊಂದು ಇದ್ದಿದ್ದರೆ ಅವಳಿಗೇ ಎಷ್ಟು ಹಗುರಾಗುತ್ತಿತ್ತು.

ಕುತ್ತಿಗೆ, ತೊಡೆಯ ದೊಡ್ಡ ನಾಳಕ್ಕೆ ಹಾಕುವ ಸೆಂಟ್ರಲ್ ಲೈನಿನ ವಿಷಯ ಇನ್ನೂ ಗಂಭೀರ. ಅಲ್ಲಿ ಸೋಂಕು ನೇರ ರಕ್ತಕ್ಕೇ ಇಳಿಯುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದು ಸರಳ ಹೆಜ್ಜೆ ಪಾಲಿಸುವಂತೆ ಮಾಡಿದರು. ಕೈ ತೊಳೆಯುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಹಚ್ಚುವುದು, ಮೈತುಂಬಾ ಶುದ್ಧ ಬಟ್ಟೆ ಹೊದಿಸುವುದು, ತೊಡೆಯ ನಾಳವನ್ನು ಆದಷ್ಟು ಬಿಡುವುದು, ಬೇಡವಾದ ತಕ್ಷಣ ತೆಗೆಯುವುದು. ಡಾಕ್ಟರು ಹೆಜ್ಜೆ ತಪ್ಪಿಸಿದರೆ ನರ್ಸ್ ತಡೆಯಬಹುದು ಅಂತಲೂ ಹೇಳಿದ್ದರು. 2006ರಲ್ಲಿ ಬಂದ ವರದಿಯ ಪ್ರಕಾರ ಸೋಂಕು ಮೂರರಲ್ಲಿ ಎರಡು ಪಾಲು ಕಡಿಮೆಯಾಯಿತು. ಹೊಸ ಔಷಧಿ ಒಂದೂ ಇರಲಿಲ್ಲ.

ಇನ್ನು ನಮ್ಮ ಕಡೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದದ್ದು 1947ರಲ್ಲಿ. ದಾವಣಗೆರೆಯಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದದ್ದು 1965ರಲ್ಲಿ, ಊರಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಕಾಲ. ಹತ್ತಿ ಮಿಲ್ಲುಗಳ ಊರು ನಿಧಾನಕ್ಕೆ ಕಾಲೇಜು, ಆಸ್ಪತ್ರೆಗಳ ಊರಾಯಿತು. ಹರಪನಹಳ್ಳಿ, ಚನ್ನಗಿರಿ, ಹೊಳಲ್ಕೆರೆ ಕಡೆಯ ರೋಗಿಗಳೂ ಇಲ್ಲಿಗೇ ಬರುತ್ತಾರೆ, ಅದೇ ಊರುಗಳ ಹೆಣ್ಣುಮಕ್ಕಳು ನರ್ಸಿಂಗ್ ಓದಲೂ ಇಲ್ಲಿಗೇ ಬರುತ್ತಾರೆ. ಡ್ರಿಪ್ ಹಾಕುವುದು ಅವರ ಪಾಠದಲ್ಲಿ ಮೊದಲಿಂದಲೂ ಇದೆ. ಆದರೆ ‘ಒಂದು ನೋಡು, ಒಂದು ಮಾಡು’ ಅನ್ನುವ ಹಳೇ ಪದ್ಧತಿಯಲ್ಲಿ ಮೊದಲ ಸೂಜಿ ಬೀಳುತ್ತಿದ್ದದ್ದು ರೋಗಿಯ ಕೈಗೇ. ಜನರಲ್ ವಾರ್ಡಿನ ಬಡ ರೋಗಿಯ ಕೈಗೆ ಜಾಸ್ತಿ. ಇದನ್ನು ಹೇಳಲೇಬೇಕು.

2019ರಲ್ಲಿ ಎಂಬಿಬಿಎಸ್ ಪಾಠಕ್ರಮ ಬದಲಾಯಿತು. ಸಿರೆಯಿಂದ ರಕ್ತ ತೆಗೆಯುವುದು, ಡ್ರಿಪ್ ಕಟ್ಟಿ ಹನಿ ಲೆಕ್ಕ ಹಾಕುವುದು ಇವೆಲ್ಲ ಸ್ವತಂತ್ರವಾಗಿ ಮಾಡಿ ತೋರಿಸಿ ಪ್ರಮಾಣ ಪಡೆಯಬೇಕಾದ ಕೌಶಲಗಳ ಪಟ್ಟಿಗೆ ಸೇರಿದವು. ಕಾಲೇಜಿನಲ್ಲಿ ಸ್ಕಿಲ್ ಲ್ಯಾಬ್ ಇರಲೇಬೇಕು ಅಂತಾಯಿತು. ಅಲ್ಲಿ ರಬ್ಬರಿನ ಕೈ ಇರುತ್ತದೆ, ಒಳಗೆ ಕೆಂಪುನೀರು. ಎಷ್ಟು ಸಲ ತಪ್ಪಿದರೂ ಅದು ಅಳುವುದಿಲ್ಲ. ಡಾಕ್ಟರಾಗುವವರಿಗೆ ಇದು ಒಳ್ಳೆಯ ಹೆಜ್ಜೆ. ಆದರೆ ವಾರ್ಡಿನಲ್ಲಿ ದಿನವಿಡೀ ಸೂಜಿ ಹಿಡಿಯುವವರು ನರ್ಸುಗಳು. ಪಾಸಾಗಿ ಹೊರಬಂದ ಮೇಲೆ, ಐದು ವರ್ಷ, ಹತ್ತು ವರ್ಷ ಕಳೆದ ಮೇಲೂ ಅವರ ಕೈಯನ್ನು ಮತ್ತೆ ನೋಡಿ ತಿದ್ದುವ ಏರ್ಪಾಡು ಸಣ್ಣ ನರ್ಸಿಂಗ್ ಹೋಮುಗಳಿಗೂ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆ 2024ರ ಮೇ ತಿಂಗಳಲ್ಲಿ ಕ್ಯಾನುಲಾ ಸೋಂಕು ತಡೆಯುವ ಬಗ್ಗೆ ಮಾರ್ಗಸೂಚಿ ತಂದಿತು. ಆಸ್ಪತ್ರೆಗೆ ದಾಖಲಾಗುವವರಲ್ಲಿ ಶೇ. 70ರವರೆಗೂ ಜನರಿಗೆ ಯಾವಾಗಲಾದರೂ ಒಮ್ಮೆ ಇಂಥ ಕೊಳವೆ ಬೇಕಾಗುತ್ತದೆ ಅಂತ ಅದು ಹೇಳುತ್ತದೆ. ಅಷ್ಟು ಜನರಿಗೆ ತಾಗುವ ಕೆಲಸಕ್ಕೆ ತರಬೇತಿ ಖರ್ಚು ಅನಿಸಬಾರದು.

ಹೋದ ವರ್ಷ ಅಮ್ಮನನ್ನು ಮತ್ತೆ ದಾಖಲು ಮಾಡಬೇಕಾಯಿತು, ಬೇರೆ ಆಸ್ಪತ್ರೆ. ಚಿಕ್ಕ ವಯಸ್ಸಿನ ಸಿಸ್ಟರ್ ಎರಡು ಸಲ ಪ್ರಯತ್ನಿಸಿದಳು. ಆಮೇಲೆ ತಾನೇ ಕೈಬಿಟ್ಟು, ‘ಇನ್ನೊಬ್ರನ್ನ ಕರೀತೀನಿ ಅಮ್ಮ, ನಿಮಗೆ ಜಾಸ್ತಿ ನೋವು ಬೇಡ’ ಅಂದಳು. ಬಂದವರು ಹಾಕಿದ ಮೇಲೆ, ಪ್ಲಾಸ್ಟರಿನ ಮೇಲೆ ನೀಲಿ ಪೆನ್ನಿನಿಂದ ದಿನಾಂಕವನ್ನೂ ಗಂಟೆಯನ್ನೂ ಬರೆದವಳು ಅವಳೇ. ಪಾಳಿ ಮುಗಿಸಿ ಹೋಗುವಾಗ ಮತ್ತೊಮ್ಮೆ ಬಂದು, ಕೆಂಪಾಗಿದೆಯಾ, ಊದಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ ಚೀಟಿಯಲ್ಲಿ ಗುರುತು ಹಾಕಿದಳು.