ಬೆಳಕಿಗೆ ತಡೆ, ಗಾಳಿಗೆ ದಾರಿ: ಹೆಪ್ಪುಗಟ್ಟಿದ ಸರೋವರದ ಮೇಲೆ ಈಟಿ ಟೆಂಟ್

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲಿ ಚಳಿಗಾಲದ ಸರೋವರಗಳ ಮೇಲೆ ಟೆಂಟ್‌ಗಳ ಸಾಲು ಕಾಣುತ್ತದೆ. ಹೆಚ್ಚಿನವು ಗಾಳಕ್ಕೆ ಕೂತವರವು. ಕಿಟಕಿಯೆಲ್ಲ ಮುಚ್ಚಿಕೊಂಡು ಒಳಗೆ ಕಗ್ಗತ್ತಲು ಮಾಡಿಕೊಂಡಿರುವವು ಗಡ್ಡೆಯ ರಂಧ್ರದಿಂದ ಈಟಿ ಬಿಟ್ಟು ಮೀನು ಹಿಡಿಯುವವರವು. ಅಲ್ಲಿನವರು ಇಂಥ ಟೆಂಟನ್ನು ಡಾರ್ಕ್‌ಹೌಸ್ ಎನ್ನುತ್ತಾರೆ. ಗಾಳದವರಿಗೆ ಟೆಂಟ್ ಬೇಕಾಗುವುದು ಚಳಿ ತಡೆಯಲು, ಈಟಿಯವರಿಗೆ ನೀರಿನೊಳಗೆ ನೋಡಲು. ಹಿಮ ಮತ್ತು ಮಂಜುಗಡ್ಡೆಯ ಮೂಲಕ ಸೋಸಿ ಇಳಿದ ಬೆಳಕು ಕೆಳಗಿನ ನೀರನ್ನು ಬೆಳಗಿಸುತ್ತದೆ. ಕೂತಿರುವ ಜಾಗ ಕತ್ತಲಾಗಿದ್ದರೆ ಮಾತ್ರ ಆ ನೀರು ತಿಳಿಹಸಿರಾಗಿ ಹೊಳೆದು ತಳದ ಕಳೆಗಿಡದ ಎಲೆ ಸಹ ಎಣಿಸುವಷ್ಟು ಕಾಣುತ್ತದೆ. ಆ ಭಾಗದ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ಬಹಳ ಹಿಂದೆಯೇ ಕಂಡುಕೊಂಡು, ರಂಧ್ರದ ಮೇಲೆ ಕಂಬಳಿ ಹೊದ್ದು ಮಲಗಿ ಈಟಿ ಹಿಡಿಯುತ್ತಿದ್ದರು. ಇಂದಿನ ಮಡಚುವ ಟೆಂಟ್ ಮಾಡುವುದೂ ಆ ಕಂಬಳಿಯ ಕೆಲಸವನ್ನೇ.

ಟೆಂಟ್ ಬಿಚ್ಚುವ ಮೊದಲು ಮಂಜುಗಡ್ಡೆಯ ದಪ್ಪ ಅಳೆಯಬೇಕು. ನಡೆದು ಹೋಗಲು ಹೊಸದಾಗಿ ಕಟ್ಟಿದ ಪಾರದರ್ಶಕ ಗಡ್ಡೆ ಕನಿಷ್ಠ 4 ಇಂಚು, ಹಿಮದ ಮೇಲೆ ಓಡುವ ಸಣ್ಣ ವಾಹನವಾದ ಸ್ನೋಮೊಬೈಲ್‌ಗೆ 5ರಿಂದ 7 ಇಂಚು ಇರಬೇಕು ಎನ್ನುವುದು ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ. ಹಿಮ ನೆನೆದು ಕಟ್ಟಿದ ಬಿಳಿ ಗಡ್ಡೆಗೆ ಶಕ್ತಿ ಅರ್ಧ, ಹಾಗಾಗಿ ಅಲ್ಲಿ ದಪ್ಪ ಎರಡರಷ್ಟು ಬೇಕು. ಒಂದು ಕಡೆ ಅಳೆದು ಸುಮ್ಮನಾಗದೆ ನಡೆಯುತ್ತಾ ನಡೆಯುತ್ತಾ ಅಳೆಯಬೇಕು. ಈಟಿಗೆ ಕೊರೆಯುವುದು ಬೊಗಸೆಯಗಲದ ರಂಧ್ರವಲ್ಲ, ಮನುಷ್ಯ ಪೂರ್ತಿ ಇಳಿದುಹೋಗುವಷ್ಟು ದೊಡ್ಡ ಬಾಯಿ. ಆದ್ದರಿಂದ ಇಲ್ಲಿ ನಾಲ್ಕಿಂಚನ್ನೇ ನೆಚ್ಚಿಕೊಳ್ಳುವುದು ಸಲ್ಲ.

ನಾರ್ದರ್ನ್ ಪೈಕ್ ಮೀನಿಗಾದರೆ 5ರಿಂದ 12 ಅಡಿ ಆಳದ, ಕಳೆಗಿಡದ ಅಂಚಿರುವ ಜಾಗ ಸೂಕ್ತ. ರಂಧ್ರ ಸಾಮಾನ್ಯವಾಗಿ 2 ಅಡಿ ಅಗಲ, 3 ಅಡಿ ಉದ್ದ. ಇದನ್ನು ಟೆಂಟ್ ಹಾಕುವ ಮೊದಲೇ ಕೊರೆಯಬೇಕು. ಮುಚ್ಚಿದ ಟೆಂಟ್‌ನೊಳಗೆ ಚೈನ್ ಗರಗಸ ಓಡಿಸಿದರೆ ಹೊಗೆಯಲ್ಲೇ ಉಸಿರು ಕಟ್ಟುತ್ತದೆ. ನಾಲ್ಕು ಮೂಲೆಗೆ ಆಗರ್‌ನಿಂದ (ಗಡ್ಡೆ ಕೊರೆಯುವ ತಿರುಪು ಬೈರಿಗೆ) ತೂತು ಹಾಕಿ, ನಡುವೆ ಕೈಗರಗಸ ಓಡಿಸಿದರೆ ಸಾಕು. ಚೈನ್ ಗರಗಸವೇ ಆದರೆ ಸರಪಳಿಗೆ ಅಡುಗೆ ಎಣ್ಣೆ ಹಾಕಿ, ಮಾಮೂಲಿ ಎಣ್ಣೆ ಹಾಕಿದರೆ ನೀರಿನ ಮೇಲೆ ಪೊರೆ ಕಟ್ಟಿ ನೋಟವೂ ಹಾಳು, ಸರೋವರವೂ ಹಾಳು. ಗರಗಸವನ್ನು ಸ್ವಲ್ಪ ಓರೆ ಹಿಡಿದು, ರಂಧ್ರ ಕೆಳಕ್ಕೆ ಹೋದಂತೆ ಅಗಲವಾಗುವ ಹಾಗೆ ಕೊರೆಯಿರಿ. ನೋಟದ ಹರವು ಹೆಚ್ಚುತ್ತದೆ, ತುಂಡೂ ಸಿಕ್ಕಿಕೊಳ್ಳದೆ ಕೆಳಗಿಳಿಯುತ್ತದೆ.

ತುಂಡನ್ನು ಮೇಲೆತ್ತುವ ಸಾಹಸ ಬೇಡ. ಒಂದಡಿ ದಪ್ಪದ ಗಡ್ಡೆಯಲ್ಲಿ 2×3 ಅಡಿ ತುಂಡು ಸುಮಾರು 155 ಕಿಲೋ ತೂಗುತ್ತದೆ. ಆದರೆ ಅದು ಸರಿಸುವ ನೀರಿನ ತೂಕ ಸುಮಾರು 170 ಕಿಲೋ. ಅಂದರೆ ಹದಿನೈದು ಕಿಲೋದಷ್ಟು ಬಲದಿಂದ ಒತ್ತಿದರೆ ಮುಳುಗುತ್ತದೆ. ಉದ್ದ ಗಳುವಿನಿಂದ ಒಂದು ತುದಿ ಒತ್ತಿ, ಓರೆಯಾದೊಡನೆ ಪಕ್ಕದ ಗಡ್ಡೆಯಡಿ ತಳ್ಳಿಬಿಡಿ. ಕಾಲಿನಿಂದ ಮಾತ್ರ ಒತ್ತಬೇಡಿ. ಆಮೇಲೆ ನೀರಲ್ಲಿ ತೇಲುವ ಪುಡಿಗಡ್ಡೆಯನ್ನೆಲ್ಲ ಜರಡಿಸೌಟಿನಿಂದ ತೆಗೆದು ದೂರ ಚೆಲ್ಲಿ, ಟೆಂಟ್ ನಿಲ್ಲುವವರೆಗೆ ಬಾಯಿಗೆ ಗಟ್ಟಿ ಹಲಗೆ ಮುಚ್ಚಿಡಿ.

ಟೆಂಟ್‌ಗಳಲ್ಲಿ ಎರಡು ಬಗೆ. ಜಾರುಬಂಡಿಗೇ ಜೋಡಿಸಿದ್ದು, ಹಿಂದಿನಿಂದ ಮುಂದಕ್ಕೆ ಮಗುಚಿಕೊಳ್ಳುವಂಥದ್ದು ಒಂದು. ಗೋಡೆ, ಚಾವಣಿಗಳ ನಡುವೆ ಕಡ್ಡಿಗಳು ಕೂಡುವ ಗುಂಡಿಯನ್ನು ಎಳೆದೊಡನೆ ಹೊರಕ್ಕೆ ಚಿಮ್ಮಿ ನಿಲ್ಲುವ ಹಬ್ ಟೆಂಟ್ ಇನ್ನೊಂದು. ಮೊದಲನೆಯದು ಒಬ್ಬರಿಗೆ, ಬೇಗ ಜಾಗ ಬದಲಿಸಲು ಸರಿ. ಈಟಿ ಎತ್ತಿ ಹಿಡಿಯಲು ತಲೆಯ ಮೇಲೆ ಜಾಗ ಬೇಕಾದ್ದರಿಂದ ಹಬ್ ಟೆಂಟೇ ಮೇಲು. ಯಾವುದೇ ಆಗಲಿ, ಒಳಬಟ್ಟೆ ಕಪ್ಪಾಗಿರಲಿ, ಪದರದ ಬಟ್ಟೆಯಾಗಿರಲಿ. ತೆಳು ಬಟ್ಟೆಯ ಟೆಂಟ್ ಬಿಸಿಲಿಗೆ ಲಾಂದ್ರದಂತೆ ಬೆಳಗುತ್ತದೆ.

ಹಬ್ ಟೆಂಟನ್ನು ಗಾಳಿಯಲ್ಲಿ ಒಮ್ಮೆಗೇ ಬಿಚ್ಚಿದರೆ ಅದು ಕೈತಪ್ಪಿ ಸರೋವರದಾಚೆ ಉರುಳುತ್ತದೆ. ಮಡಚಿದ ಟೆಂಟನ್ನು ನೆಲದ ಮೇಲೆ ಹರಡಿ, ಗಾಳಿ ಬೀಸುವ ಕಡೆಯ ಎರಡು ಮೂಲೆಗೆ ಮೊದಲು ಗಡ್ಡೆಗೆ ತಿರುಗಿಸಿ ಇಳಿಸುವ ಗೂಟವನ್ನು, ಅಂದರೆ ತಿರುಪು ಆಂಕರ್ ಹಾಕಿ, ಆಮೇಲೆ ಆ ಕಡೆಯ ಗೋಡೆಯನ್ನು ಎಳೆದು ನಿಲ್ಲಿಸಬೇಕು, ಉಳಿದವು ನಂತರ. ಆಂಕರ್ ಟೆಂಟಿನಿಂದ ಆಚೆಗೆ ವಾಲಿಕೊಂಡು ಸುಮಾರು 45 ಡಿಗ್ರಿಯಲ್ಲಿ ಇಳಿಯಲಿ. ಗಟ್ಟಿ ಗಡ್ಡೆಗೆ ಬ್ಯಾಟರಿ ಡ್ರಿಲ್‌ನಿಂದ ಸಣ್ಣ ತೂತು ಮಾಡಿಕೊಂಡರೆ ಕೈ ಉಳಿಯುತ್ತದೆ. ಫೆಬ್ರುವರಿ ಬಿಸಿಲಿಗೆ ಲೋಹ ಕಾದು ಆಂಕರ್ ಸುತ್ತ ಗಡ್ಡೆ ಕರಗುತ್ತದೆ, ಮಧ್ಯಾಹ್ನ ಒಮ್ಮೆ ಬಿಗಿ ನೋಡಬೇಕು. ಬಾಗಿಲು ರಂಧ್ರದಿಂದ ದೂರದ ಗೋಡೆಗೆ ಬರುವಂತೆ ಟೆಂಟ್ ಕೂರಿಸಿ. ಬಿಸಿಲಿನಿಂದ ಒಳಬಂದವರಿಗೆ ಮೊದಲ ಕೆಲವು ನಿಮಿಷ ಏನೂ ಕಾಣುವುದಿಲ್ಲ, ಕಾಲ ಬುಡದಲ್ಲೇ ಬಾಯಿದ್ದರೆ ನೇರ ನೀರಿಗೆ.

ಟೆಂಟಿನ ಕೆಳಸೆರಗಿನ ಮೇಲೆ ಒಣ ಹಿಮ ಪೇರಿಸಿ ಬೆಳಕು ಕಟ್ಟಬೇಕು. ಈ ಹಿಮವನ್ನು ದಕ್ಷಿಣ ದಿಕ್ಕಿನಿಂದ ಗೋರಿ ತನ್ನಿ. ಅಲ್ಲಿ ಗಡ್ಡೆ ಬಯಲಾದಷ್ಟೂ ನೀರಿಗೆ ಬೆಳಕು ಹೆಚ್ಚು ಇಳಿಯುತ್ತದೆ. ಗೋರುವಾಗ ಒದ್ದೆ ಪುಡಿ ಸೇರದಿರಲಿ. ಅದು ಸೆರಗಿನ ಸಮೇತ ಕಲ್ಲಾಗಿ ಹೆಪ್ಪುಗಟ್ಟಿದರೆ, ಸಂಜೆ ಎಳೆದಾಗ ಹರಿಯುವುದು ಬಟ್ಟೆ. ಹಾಗೇನಾದರೂ ಅಂಟಿಕೊಂಡರೆ ಪಕ್ಕದ ಗಡ್ಡೆಯನ್ನು ಉಳಿಯಿಂದ ಕೆತ್ತಿ ಬಿಡಿಸಿ.

ಈಗ ಒಳಗೆ ಕೂತು ಹತ್ತು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಡಿ. ನೀರಿನ ಮೇಲೆ ನಿಮ್ಮ ಟೋಪಿಯ ಪ್ರತಿಬಿಂಬ ಕಂಡರೆ ಎಲ್ಲೋ ಬೆಳಕು ಸೋರುತ್ತಿದೆ ಎಂದರ್ಥ. ಜಿಪ್ಪಿನ ತುದಿ, ಕಿಟಕಿಯ ಅಂಚು, ಮೂಲೆಯ ಸೆರಗು ನೋಡಿ ಕಪ್ಪು ಉಣ್ಣೆಬಟ್ಟೆ ತುರುಕಿ.

ಬಹುತೇಕ ಜನ ಎಡವುವುದು ಇಲ್ಲೇ. ಬೆಳಕಿನ ಕಿಂಡಿ ಮುಚ್ಚುವ ಭರದಲ್ಲಿ ಗಾಳಿಯ ಕಿಂಡಿಯನ್ನೂ ಮುಚ್ಚಿಬಿಡುತ್ತಾರೆ, ಒಳಗೆ ಪ್ರೊಪೇನ್ ಹೀಟರ್ ಉರಿಯುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದಂತೆ ಅನಿಲ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ಚಳಿಗೆ ಮಂಪರು ಹತ್ತಿದೆ ಎಂದುಕೊಂಡು ಕೂರದೆ ತಕ್ಷಣ ಹೊರಗೆ ಬನ್ನಿ. ಮೇಲೆ ಒಂದು, ಕೆಳಗೆ ಒಂದು ಕಿಂಡಿ ಸದಾ ತೆರೆದಿರಲೇಬೇಕು. ಬೆಳಕು ಸೋರದಿರಲು ಕಿಂಡಿಯಿಂದ ಅಂಗೈಯಷ್ಟು ದೂರಕ್ಕೆ ಕಪ್ಪು ಬಟ್ಟೆಯ ಮರೆ ಇಳಿಬಿಡಿ. ಬೆಳಕು ನೇರ ಬರುವುದು, ಅದಕ್ಕೆ ಮರೆ ಅಡ್ಡ. ಗಾಳಿ ಮರೆಯ ಬದಿಯಿಂದ ಸುತ್ತಿ ಬರುತ್ತದೆ. ಕೆಳಕಿಂಡಿಯನ್ನು ಬಿಸಿಲು ಬೀಳದ ಉತ್ತರ ಬದಿಗೆ ಇಡುವುದು ಲೇಸು. ಬ್ಯಾಟರಿಯ ಮೊನಾಕ್ಸೈಡ್ ಅಲಾರಂ ಕೂತವರ ತಲೆಯ ಮಟ್ಟದಲ್ಲಿ ತೂಗಲಿ. ಅದಿಲ್ಲದೆ ಹೀಟರ್ ಹಚ್ಚಲೇಬಾರದು.

ಗಾಳಿಯಾಡಲು ಇನ್ನೊಂದು ಕಾರಣವಿದೆ. ಅಲ್ಲಿ ಸಿಗುವ ಒಂದು ಪೌಂಡಿನ, ಅಂದರೆ ಸುಮಾರು 450 ಗ್ರಾಮಿನ ಪ್ರೊಪೇನ್ ಸಿಲಿಂಡರ್ ಪೂರ್ತಿ ಉರಿದರೆ 700 ಮಿಲಿಲೀಟರ್‌ಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಅದು ಚಾವಣಿಯಲ್ಲಿ ಹೆಪ್ಪುಗಟ್ಟಿ, ಕರಗಿ, ರಂಧ್ರಕ್ಕೆ ತೊಟ್ಟಿಕ್ಕಿ ನೀರನ್ನು ಕದಡುತ್ತದೆ. ಜಿಪ್ಪುಗಳೂ ಕಚ್ಚಿಕೊಳ್ಳುತ್ತವೆ. ಗಂಟೆಗೆ 4,000 ಬಿಟಿಯು (ಶಾಖದ ಒಂದು ಅಳತೆ) ಸಣ್ಣ ಉರಿಯಲ್ಲಿಟ್ಟರೆ ಅದೇ ಸಿಲಿಂಡರ್ ಐದು ಗಂಟೆ ಬರುತ್ತದೆ, 9,000ಕ್ಕೆ ಏರಿಸಿದರೆ ಎರಡೂವರೆ ಗಂಟೆಯೂ ಬರುವುದಿಲ್ಲ.

ಈಟಿಗೆ ಐದರಿಂದ ಒಂಬತ್ತು ಕೊಕ್ಕೆಹಲ್ಲು, ಏಳು ಸಾಮಾನ್ಯ. ಅದರ ಹಗ್ಗದ ತುದಿಯನ್ನು ಕೈಮಣಿಕಟ್ಟಿಗೆ ಕಟ್ಟಬೇಡಿ, ರಂಧ್ರಕ್ಕಿಂತ ಉದ್ದದ ಅಡ್ಡಗೋಲಿಗೆ ಕಟ್ಟಿ. ಹಲ್ಲುಗಳು ಮೊದಲೇ ನೀರಲ್ಲಿ ಮುಳುಗಿರಲಿ, ಎಸೆದಾಗ ಚಿಮ್ಮುವ ಸದ್ದಿಗೆ ಪೈಕ್ ನಿಲ್ಲುವುದಿಲ್ಲ. ಹೊಟ್ಟೆಗೆ ಸೀಸ, ತಗಡಿನ ರೆಕ್ಕೆ ಇಟ್ಟ ಮರದ ಮೀನನ್ನು ದಾರದಲ್ಲಿ ಇಳಿಸಿ ನಿಧಾನ ಜಗ್ಗಿದರೆ ಸುತ್ತು ಹಾಕುತ್ತದೆ, ಪೈಕ್ ಅದನ್ನು ನೋಡಲು ಬರುತ್ತದೆ. ನೇರ ಕೆಳಗೆ ನೋಡುವಾಗಲೂ 10 ಅಡಿ ಆಳ ಏಳೂವರೆ ಅಡಿಯಂತೆ ಕಾಣುತ್ತದೆ. ಮೀನು ಓರೆಯಲ್ಲಿದ್ದರೆ ಅದರ ಜಾಗವೂ ತಪ್ಪಿ ಕಾಣುತ್ತದೆ, ಆದ್ದರಿಂದ ಅದು ಈಟಿಯ ನೇರ ಕೆಳಗೆ ಬರುವವರೆಗೆ ಕಾದು, ತಲೆಯ ಹಿಂಭಾಗಕ್ಕೆ ಗುರಿಯಿಟ್ಟು ಬಿಡಬೇಕು.

ಗಾಳದ ಮೀನನ್ನು ಅಳೆದು ವಾಪಸ್ ಬಿಡಬಹುದು, ಈಟಿ ಚುಚ್ಚಿದ್ದನ್ನು ಬಿಡಲಾಗದು. ಮಿನ್ನೆಸೋಟದಲ್ಲಿ 2018ರಿಂದ ಪೈಕ್‌ಗೆ ಮೂರು ವಲಯ, ವಲಯಕ್ಕೊಂದು ಉದ್ದದ ನಿಯಮ. ಪೈಕ್‌ನ ಹತ್ತಿರದ ಬಂಧುವಾದ ಮಸ್ಕಿ ಮೀನಿಗೆ ಅಲ್ಲಿ ಈಟಿ ಹಾಕುವಂತೆಯೇ ಇಲ್ಲ. ಕಪ್ಪು ಮೈಮೇಲೆ ತಿಳಿ ಚುಕ್ಕೆಯಿದ್ದರೆ ಪೈಕ್, ತಿಳಿ ಮೈಮೇಲೆ ಕಪ್ಪು ಪಟ್ಟೆ ಅಥವಾ ಕಲೆಯಿದ್ದರೆ ಮಸ್ಕಿ. ಅನುಮಾನ ಬಂದರೆ ಈಟಿ ಎತ್ತಬೇಡಿ. ಉದ್ದ ಅಂದಾಜಿಸಲು 24 ಇಂಚಿನ ಬಿಳಿ ಕೊಳವೆಯನ್ನು ದಾರ ಕಟ್ಟಿ ತಳಕ್ಕಿಳಿಸಿದರೆ ಅದರ ಪಕ್ಕ ಮೀನು ಹಾದಾಗ ಅಳತೆ ಸಿಗುತ್ತದೆ, ಹೊರಡುವಾಗ ಎತ್ತಿಕೊಳ್ಳಬಹುದು. ವಿಸ್ಕಾನ್ಸಿನ್‌ನ ವಿನೆಬಾಗೊ ಸರೋವರದಲ್ಲಿ ಸ್ಟರ್ಜನ್ ಎಂಬ ಭಾರಿ ಮೀನಿನ ಬೇಟೆ ಬೇರೆಯೇ ಲೆಕ್ಕ. ಫೆಬ್ರುವರಿಯ ಎರಡನೇ ಶನಿವಾರ ಶುರುವಾಗುತ್ತದೆ, ಮೀನು 36 ಇಂಚಾದರೂ ಇರಬೇಕು, ರಂಧ್ರ 48 ಚದರ ಅಡಿಯವರೆಗೂ ಇರಬಹುದು. ಅಷ್ಟು ದೊಡ್ಡ ಬಾಯಿಗೆ ಮಡಚುವ ಸಣ್ಣ ಟೆಂಟ್ ಸಾಲದು.

ಟೆಂಟ್ ಮಡಚುವಾಗ ಚಾವಣಿಯ ಗುಂಡಿ ಮೊದಲು, ಗಾಳಿ ಕಡೆಯ ಆಂಕರ್ ಕೊನೆಗೆ. ರಂಧ್ರದ ಸುತ್ತ ಮರದ ಕೊಂಬೆ ನೆಟ್ಟೇ ಹೊರಡಬೇಕು. ರಾತ್ರಿಯಲ್ಲಿ ಅದರ ಮೇಲೆ ಒಂದೆರಡು ಇಂಚು ಗಡ್ಡೆ ಕಟ್ಟಿ ಮೇಲೆ ಹಿಮ ಬಿದ್ದರೆ, ಮರುದಿನ ಸ್ನೋಮೊಬೈಲ್‌ನಲ್ಲಿ ಬರುವವರಿಗೆ ಅಲ್ಲಿ ಬಾಯಿ ಇದೆಯೆಂದು ತಿಳಿಯಲು ಬೇರೆ ಗುರುತೇ ಇರುವುದಿಲ್ಲ.