ಹಳೆಯ ಜೀನ್ಸಿನ ಸೊಂಟಪಟ್ಟಿಯನ್ನು ಬಿಚ್ಚಬೇಡಿ

ಹೊಸ ಉಡುಪು ಹೊಲಿಯಲೆಂದು ತುಮಕೂರಿನ ನನ್ನ ಹೊಲಿಗೆ ತರಗತಿಗೆ ಹಳೆಯ ಜೀನ್ಸ್ ಪ್ಯಾಂಟ್ ತರುವವರು ಮೊದಲು ಕೇಳುವುದು, ‘ಮೇಡಂ, ಇದನ್ನು ಪೂರ್ತಿ ಬಿಚ್ಚಿ ಬಟ್ಟೆ ಮಾಡಿಕೊಳ್ಳಲೇ?’ ಬೇಡ ಎನ್ನುತ್ತೇನೆ. ಸೊಂಟಪಟ್ಟಿ, ಜಿಪ್ಪು, ಮುಂದಿನ ಜೇಬುಗಳು ಜೀನ್ಸಿನಲ್ಲಿ ಹೊಲಿಯಲು ಅತಿ ಕಷ್ಟದ ಭಾಗಗಳು. ಗಾರ್ಮೆಂಟ್ಸಿನಲ್ಲಿ ದುಡಿದು ಬಂದ ಹೆಣ್ಣುಮಕ್ಕಳು ನನ್ನಲ್ಲಿ ಕಲಿಯುತ್ತಾರೆ. ಅಲ್ಲಿ ಸೊಂಟಪಟ್ಟಿಗೇ ಬೇರೆ ಯಂತ್ರ, ಅದರ ಮುಂದೆ ದಿನವಿಡೀ ಒಬ್ಬರು. ಅಷ್ಟು ಗಟ್ಟಿ ಕೆಲಸವನ್ನು ಬಿಚ್ಚಿ, ಮನೆಯ ಯಂತ್ರದಲ್ಲಿ ಮತ್ತೆ ಹೊಲಿಯಲು ಹೆಣಗುವುದೇಕೆ? ಜೇಬಿನ ಮೂಲೆಯ ರಿವೆಟ್ಟುಗಳನ್ನೂ, ಅಂದರೆ ಚಿಕ್ಕ ಲೋಹದ ಗುಂಡಿಗಳನ್ನೂ, ಕೀಳಬೇಡಿ. ಹರಿಯುವ ಮೂಲೆಗಳನ್ನು ಹಿಡಿದಿಡಲೆಂದೇ ಜೇಕಬ್ ಡೇವಿಸ್ ಎಂಬ ದರ್ಜಿ ಅವುಗಳನ್ನು ಬಳಸಿದ. 1873ರಲ್ಲಿ ಲೆವಿ ಸ್ಟ್ರಾಸ್ ಜೊತೆಗೂಡಿ ಪೇಟೆಂಟ್ ಪಡೆದ.

ಕತ್ತರಿ ಹಿಡಿಯುವ ಮೊದಲು ಪ್ಯಾಂಟಿನೊಳಗೆ ಕೈ ತೂರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಡೆನಿಮ್‌ನಲ್ಲಿ ಉದ್ದದ ನೂಲಿಗೆ ನೀಲಿ ಬಣ್ಣ, ಅಡ್ಡದ ನೂಲು ಬಿಳಿ. ಹೊರಮೈಯಲ್ಲಿ ಹೆಚ್ಚಾಗಿ ಕಾಣುವುದು ನೀಲಿ ನೂಲು, ಮೊದಲು ಸವೆಯುವುದೂ ಅದೇ. ಹರಿದ ಮಂಡಿಯಲ್ಲಿ ಬಿಳಿ ಎಳೆಗಳಷ್ಟೇ ಅಡ್ಡಡ್ಡ ಜೋತಾಡುವುದು ಇದರಿಂದಲೇ. ತೊಡೆಯ ಒಳಭಾಗ, ಕುಳಿತುಕೊಳ್ಳುವ ಭಾಗ, ಮಂಡಿ ಇವು ಮೊದಲು ಸೋಲುತ್ತವೆ. ಮಂಡಿಯ ಕೆಳಗಿನ ಬಟ್ಟೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಬೆಳಕು ಜಾಲರಿಯಂತೆ ತೂರಿ ಬಂದ ಜಾಗ ಎಷ್ಟು ಚಂದ ಕಂಡರೂ ಬಿಟ್ಟುಬಿಡಿ.

ಮೊದಲ ಪ್ರಯತ್ನಕ್ಕೆ ನಾನು ಹೇಳಿಕೊಡುವುದು ಲಂಗ. ಮೇಲೆ ಜೀನ್ಸಿನ ಸೊಂಟ, ಕೆಳಗೆ ಹಳೆಯ ಹತ್ತಿ ಸೀರೆಯ ನೆರಿಗೆ. ಎರಡನ್ನೂ ಮೊದಲು ಒಗೆದು ಒಣಗಿಸಿ. ಒದ್ದೆಯಾದ ಬಿಳಿ ಬಟ್ಟೆಯಿಂದ ಡೆನಿಮ್ ಉಜ್ಜಿದಾಗ ನೀಲಿ ಅಂಟಿದರೆ ಇನ್ನೂ ಒಂದೆರಡು ಬಾರಿ ಬೇರೆಯಾಗಿಯೇ ಒಗೆಯಿರಿ, ಇಲ್ಲವಾದರೆ ಸೀರೆಗೆ ಬಣ್ಣ ಹತ್ತುತ್ತದೆ. ಪ್ಯಾಂಟನ್ನು ನೆಲದ ಮೇಲೆ ಸಮನಾಗಿ ಹಾಸಿ, ಜಿಪ್ಪಿನ ತುದಿಯಿಂದ ಮೂರು ಸೆಂಟಿಮೀಟರ್ ಕೆಳಗೆ, ಎರಡು ಕಾಲುಗಳು ಸೇರುವ ಜಾಗಕ್ಕಿಂತ ಮೇಲೆ, ಅಡ್ಡ ಗೆರೆ ಎಳೆದು ಕತ್ತರಿಸಿ. ಹಿಂದಿನ ಜೇಬಿನ ತಳ ಗೆರೆಯನ್ನು ದಾಟಿದರೆ ಆ ಜೇಬನ್ನು ಮಾತ್ರ ಮೊದಲೇ ಬಿಚ್ಚಿ ಮೇಲಕ್ಕೆ ಹೊಲಿಯಿರಿ. ಹಿಂಬದಿಯ ನಡು ಹೊಲಿಗೆ ಕೆಳಗೆ ಬಾಗಿ ಉಬ್ಬುತ್ತಿದ್ದರೆ ಕೊನೆಯ ನಾಲ್ಕು ಸೆಂಟಿಮೀಟರ್ ಬಿಚ್ಚಿ, ಒಂದರ ಮೇಲೊಂದು ಚಪ್ಪಟೆಯಾಗಿ ಕೂರಿಸಿ ಮತ್ತೆ ಹೊಲಿಯಬೇಕು.

ಕತ್ತರಿಸಿದ ಅಂಚಿನ ಸುತ್ತಳತೆ ಒಂದು ಮೀಟರ್ ಇದ್ದರೆ ಎರಡು ಮೀಟರ್ ಸೀರೆ ಸಾಕು. ಅದಕ್ಕಿಂತ ಹೆಚ್ಚು ನೆರಿಗೆ ಹಿಡಿದರೆ ಸೊಂಟದ ಕೆಳಗೆ ಬುಟ್ಟಿಯಂತೆ ಉಬ್ಬುತ್ತದೆ. ಸೀರೆಯ ಅಂಚು ಕೆಳಗೆ ಬರುವಂತೆ ಇಟ್ಟರೆ ತುದಿ ಮಡಿಸುವ ಕೆಲಸವೂ ತಪ್ಪುತ್ತದೆ. ಜೀನ್ಸ್ ಮತ್ತು ನೆರಿಗೆ ಹಿಡಿದ ಸೀರೆ, ಎರಡರ ಹೊರಮೈಗಳನ್ನು ಎದುರುಬದುರು ಸೇರಿಸಿ, ಒಂದೂವರೆ ಸೆಂಟಿಮೀಟರ್ ಮಾರ್ಜಿನ್ ಬಿಟ್ಟು ಹೊಲಿಯಿರಿ. ಮಾರ್ಜಿನ್ ಅನ್ನು ಡೆನಿಮ್ ಕಡೆಗೆ ಮಡಿಸಿ, ಇಸ್ತ್ರಿ ಮಾಡಿ, ಹೊರಗಿನಿಂದ ಇನ್ನೊಂದು ಹೊಲಿಗೆ ಹಾಕಿ.

ಸೂಜಿ ಮುರಿಯುತ್ತದೆ ಎಂದು ಹಲವರು ಇಲ್ಲಿಯೇ ಕೈಬಿಡುತ್ತಾರೆ. ರವಿಕೆ ಹೊಲಿಯುವ ತೆಳು ಸೂಜಿಯಲ್ಲಿ ಈ ಕೆಲಸ ಆಗದು. 16 ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು ಮೂರು ಮಿಲಿಮೀಟರಿಗೆ ಏರಿಸಿ. ಪಕ್ಕದ ಹೊಲಿಗೆ ಬರುವಲ್ಲಿ ಬಟ್ಟೆ ನಾಲ್ಕಾರು ಪದರವಾಗುತ್ತದೆ. ಆ ಗಂಟಿನ ಮೇಲೆ ಬಟ್ಟೆ ಹಾಸಿ ಕುಟ್ಟಾಣಿಯಿಂದ ಚೆನ್ನಾಗಿ ಬಡಿದರೆ ಅದು ಕುಗ್ಗುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಫೂಟ್ ಗಂಟನ್ನು ಏರುವಾಗ ಅದರ ಹಿಂಬದಿಯ ಕೆಳಗೆ ಮಡಿಸಿದ ಡೆನಿಮ್ ತುಂಡನ್ನಿಟ್ಟು ಸಮಮಟ್ಟ ಮಾಡಿ, ಪೆಡಲಿನಿಂದ ನಿಮ್ಮ ಕಾಲು ತೆಗೆದು ಚಕ್ರವನ್ನು ಕೈಯಿಂದಲೇ ತಿರುಗಿಸಿ. ಇಷ್ಟು ತಾಳ್ಮೆಯಿದ್ದರೆ ಸಾಮಾನ್ಯ ತುಳಿಯುವ ಯಂತ್ರವೂ ಡೆನಿಮ್ ಹೊಲಿಯುತ್ತದೆ.

ಉಳಿದ ಕಾಲುಗಳಿಂದ ಚಿಕ್ಕ ಮಕ್ಕಳಿಗೆ ತೋಳಿಲ್ಲದ ಕೋಟು ಮಾಡಬಹುದು. ಒಳಹೊಲಿಗೆಯನ್ನು ಬಿಡಿಸಿ ಹಾಸಿದರೆ ಮಂಡಿಯ ಕೆಳಗೆ ಸಾಕಷ್ಟು ಅಗಲ ಸಿಗುತ್ತದೆ. ಪ್ಯಾಂಟಿನ ಉದ್ದದ ದಿಕ್ಕೇ ಕೋಟಿನ ಉದ್ದದ ದಿಕ್ಕಾಗಿರಲಿ. ತುಂಡು ಉಳಿಸಲೆಂದು ಒಂದು ಭಾಗವನ್ನು ಅಡ್ಡವಾಗಿ ಕತ್ತರಿಸಿದರೆ ಬಣ್ಣವೂ ಬೇರೆ ಕಾಣುತ್ತದೆ, ಬಟ್ಟೆ ಇಳಿಬೀಳುವ ರೀತಿಯೂ ಬದಲಾಗುತ್ತದೆ. ಎಳೆದರೆ ಹಿಗ್ಗುವ ಜೀನ್ಸಿನಲ್ಲಂತೂ ಈ ಉದ್ದದ ನಿಯಮವನ್ನು ಮೀರಲೇಬೇಡಿ: ಅದು ಹೆಚ್ಚಾಗಿ ಅಡ್ಡಕ್ಕೆ ಹಿಗ್ಗುತ್ತದೆ, ತಿರುಗಿಸಿ ಹೊಲಿದ ಕೋಟು ಕೆಳಕ್ಕೆ ಜೋಲುತ್ತದೆ.